ಮಳೆಗಾಲದ ವಾಯಿದೆ

ನಾಜರ್ ಎಂದರೆ ಯಾರು ಅಂತ ಕೋರ್ಟಿಗೆ ಹೊಸದಾಗಿ ಸೇರಿದ ಗುಮಾಸ್ತರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಜಡ್ಜ್ ಸಾಹೇಬರು ಪೀಠದ ಮೇಲೆ ಕೂತು ಹೇಳಿದ್ದು ಊರಿನ ಮನೆಬಾಗಿಲಿಗೆ ತಲುಪಬೇಕಲ್ಲ, ಆ ಕೆಲಸ ನಮ್ಮದು. ಸಮನ್ಸು ಜಾರಿ ಮಾಡಿಸುವುದು, ಜಪ್ತಿಯಾದ ಮಾಲಿನ ಬೀಗದ ಕೈ ಕಾಯುವುದು, ಕಾಗದ ಮುಟ್ಟಿಸುವ ಬೇಲಿಫರನ್ನು ಹಳ್ಳಿಹಳ್ಳಿಗೆ ಓಡಿಸುವುದು, ಅವರು ಬರೆದು ತಂದ ವರದಿಯನ್ನು ಓದಿ ತಲೆ ಚಚ್ಚಿಕೊಳ್ಳುವುದು. ಕುಮಟೆಯಲ್ಲಿ ಗುಮಾಸ್ತೆಯಾಗಿ ಸೇರಿದ ನಾನು ಭಟ್ಕಳ ಸುತ್ತಿ, ಹೊನ್ನಾವರದಲ್ಲಿ ನಾಜರ್ ಆಗಿ ನಿವೃತ್ತಳಾದೆ. ಊರವರ ಬಾಯಲ್ಲಿ ನಾನು ನಾಜರ್ ಅಕ್ಕೋರು. ಬಡ್ತಿ ಯಾವಾಗ ಸಿಕ್ಕಿತು, ಯಾರ ಕೈಯಲ್ಲಿ ಹಾರ ಹಾಕಿಸಿಕೊಂಡೆ ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಾನು ಮಾಡಿದ ತಪ್ಪುಗಳಿಂದ ಇರಬಹುದು.

ಮೊದಲನೆಯ ತಪ್ಪು ಕೆಲಸಕ್ಕೆ ಸೇರಿದ ಹೊಸತರಲ್ಲೇ ಆಯಿತು. ಅಘನಾಶಿನಿ ಹೊಳೆದಂಡೆಯ ಒಂದು ಮನೆಗೆ ಸಮನ್ಸು ಹೋಗಬೇಕಿತ್ತು. ಮೂರು ಸಲ ಬೇಲಿಫನನ್ನು ಕಳಿಸಿದೆ, ಮೂರು ಸಲವೂ 'ಮನೆಗೆ ಬೀಗ' ಎಂಬ ವರದಿ ಬಂತು. ಜನ ತಪ್ಪಿಸಿಕೊಂಡು ತಿರುಗುತ್ತಿದ್ದಾರೆ, ಬಾಗಿಲಿಗೆ ಅಂಟಿಸಿ ಬರಲು ಅಪ್ಪಣೆ ಕೊಡಿ ಎಂದು ಟಿಪ್ಪಣಿ ಬರೆದು ಶಿರಸ್ತೇದಾರರ ಮುಂದಿಟ್ಟೆ. ಅವರು ಕಚೇರಿಯ ಹಿರಿಯರು, ಧ್ವನಿ ಎತ್ತಿದವರಲ್ಲ. ಟಿಪ್ಪಣಿ ಓದಿ, ಕನ್ನಡಕ ತೆಗೆದು, "ತಂಗಿ, ನೀನು ಬೇಲಿಫನನ್ನ ಕಳ್ಸಿದ್ದು ಎಷ್ಟು ಗಂಟೆಗೆ?" ಎಂದು ಕೇಳಿದರು. ಹತ್ತಕ್ಕೆ ಎಂದೆ. "ಈ ವಾರ ಆ ಹೊತ್ತಿಗೆ ಹೊಳೆ ಇಳ್ತ. ಮನೆಮಂದಿ ಎಲ್ಲ ಸೊಂಟದಮಟ್ಟ ನೀರಲ್ಲಿ ನಿಂತು ಚಿಪ್ಪಿ ಹೆಕ್ಕೂದು. ಬೀಗ ಹಾಕ್ದೆ ಮತ್ತೆಂತ ಮಾಡೂದು? ಹೊಳೆ ನೋಡಿ ಕಳ್ಸು."

ಮರುದಿನ ನೀರು ಏರುವ ಹೊತ್ತು ನೋಡಿ ಕಳಿಸಿದೆ. ಮನೆಯಲ್ಲಿ ಎಲ್ಲರೂ ಇದ್ದರು. ಬೇಲಿಫನಿಗೆ ಚಾ ಕೊಟ್ಟು, ಸಮನ್ಸಿಗೆ ಸಹಿ ಹಾಕಿ, ಸಾರಿಗೆಂದು ಒಂದು ಚೀಲ ಚಿಪ್ಪಿಯನ್ನೂ ಕಟ್ಟಿಕೊಟ್ಟರು. ಚಿಪ್ಪಿಯನ್ನು ನಾನು ವಾಪಸು ಕಳಿಸಿದೆ. ಕಳಿಸುವಾಗ ಹೊಟ್ಟೆ ಉರಿಯಿತು ಎಂಬುದೂ ನಿಜ. ಅಂದಿನಿಂದ ನನ್ನ ಮೇಜಿನ ಗಾಜಿನ ಕೆಳಗೆ ಉಬ್ಬರ ಇಳಿತದ ವೇಳೆಯ ಪಟ್ಟಿ ಕೂತಿತು, ನಿವೃತ್ತಿಯವರೆಗೂ ಅಲ್ಲೇ ಇತ್ತು.

ಅದೇ ಶಿರಸ್ತೇದಾರರು ಕಲಿಸಿದ ಇನ್ನೊಂದು ಪದ್ಧತಿ ಮಳೆಗಾಲದ ವಾಯಿದೆ. ವಾಯಿದೆ ಎಂದರೆ ಕೇಸಿಗೆ ಕೊಡುವ ಮುಂದಿನ ದಿನ. ನಮ್ಮ ಕರಾವಳಿಯಲ್ಲಿ ಜೂನ್ ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್, ಬೋಟು ಕಡಲಿಗಿಳಿಯುವಂತಿಲ್ಲ. ಉಳಿದ ತಿಂಗಳುಗಳಲ್ಲಿ ದೋಣಿಯವರನ್ನು ಕೋರ್ಟಿಗೆ ಕರೆದರೆ ಅವರು ಕಡಲಲ್ಲಿರುತ್ತಾರೆ. ಬಂದರೂ ಒಂದು ದಿನದ ಮೀನು ಹೋಯಿತು, ಹತ್ತು ಜನರ ಕೂಲಿ ಹೋಯಿತು. ಹಾಗಾಗಿ ದೋಣಿಯವರ ಕೇಸು ಬಂದರೆ ಎರಡೂ ಕಡೆಯ ವಕೀಲರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು, ಬೆಂಚ್ ಗುಮಾಸ್ತ ಮೆಲ್ಲಗೆ ಜೂನಿನ ಒಂದು ದಿನ ಹೇಳುತ್ತಿದ್ದ, ಸಾಹೇಬರು ಹೂಂ ಎನ್ನುತ್ತಿದ್ದರು. ಇದು ಯಾವ ಕಾನೂನಿನಲ್ಲೂ ಇಲ್ಲ. ಬಯಲುಸೀಮೆಯಿಂದ ಬಂದ ಒಬ್ಬ ಜಡ್ಜರು, "ನಿಮ್ಮ ಊರಿನವರು ವರ್ಷಪೂರ್ತಿ ಜಗಳ ಆಡಿ ವಿಚಾರಣೆಗೆ ಮಾತ್ರ ಛತ್ರಿ ಹಿಡಿದು ಬರ್ತಾರಲ್ಲ, ಏನಿದು?" ಎಂದು ಕೇಳಿದ್ದರು. ವಿವರಿಸಿದಾಗ ನಕ್ಕು ಸುಮ್ಮನಾದರು. ಮುಂದಿನ ವರ್ಷ ಅವರೇ ಜೂನಿನ ದಿನ ಕೊಡತೊಡಗಿದರು.

ಈ ದಯೆಗೆ ಇನ್ನೊಂದು ಮುಖವೂ ಇತ್ತು. ಅದನ್ನು ಭಟ್ಕಳದಲ್ಲಿ ನೋಡಿದೆ. ಇಬ್ಬರು ಪಾಲುದಾರರ ನಡುವೆ ಒಂದು ಐಸ್ ಫ್ಯಾಕ್ಟರಿಯ ಜಗಳ. ತೀರ್ಪಾಗುವವರೆಗೆ ಫ್ಯಾಕ್ಟರಿಗೆ ಬೀಗ ಎಂದು ಆದೇಶವಾಗಿ, ಬೀಗದ ಕೈ ನಾಜರ್ ವಿಭಾಗದ ಗೋಡೆಯ ಮೊಳೆಗೆ ಬಂತು. ಈ ಮಳೆಗಾಲ, ಮುಂದಿನ ಮಳೆಗಾಲ ಎಂದು ವರ್ಷಗಳು ಹೋದವು. ಪಾಲುದಾರರ ಕೂದಲು ಬೆಳ್ಳಗಾಯಿತು. ಕೋರ್ಟಿನ ಜಗುಲಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಸಕ್ಕರೆ ಕಾಯಿಲೆಯ ಮಾತ್ರೆಗಳ ವಿಷಯ ಮಾತಾಡುವಷ್ಟು ಹತ್ತಿರವಾದರು, ಆದರೆ ಕೇಸು ಬಿಡಲಿಲ್ಲ. ಕೊನೆಗೆ ತೀರ್ಪಾಗಿ ಗೆದ್ದವರ ಜೊತೆ ನಾನೇ ಹೋಗಿ ಬೀಗ ತೆಗೆಸಿದೆ. ಒಳಗಿನ ಯಂತ್ರ ಮುಟ್ಟಿದರೆ ಪುಡಿಯಾಗುವಷ್ಟು ತುಕ್ಕು ಹಿಡಿದಿತ್ತು. ಗೆದ್ದ ಆ ಮುದುಕರು ಒಬ್ಬರೇ ಒಂದು ಸುತ್ತು ಬಂದು, ನಾನು ಕೊಟ್ಟ ಬೀಗದ ಕೈಯನ್ನು ನನ್ನ ಕೈಗೇ ಹಾಕಿ, "ಇದನ್ನ ನೀವೇ ಇಟ್ಕಳಿ" ಎಂದು ರಿಕ್ಷಾ ಹತ್ತಿದರು. ಬೀಗದ ಕೈಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಆದ್ದರಿಂದ ವ್ಯಾಪಾರದ ಜಗಳಗಳು ಬೇಗ ತೀರಬೇಕು ಎಂದು ಹೊಸ ಕಾನೂನು ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ವಾಣಿಜ್ಯ ನ್ಯಾಯಾಲಯ ಎಂದು ಬೇರೆಯೇ ಏರ್ಪಾಡಾಯಿತು. ನಮ್ಮಲ್ಲಿ ಆ ಕೆಲಸ ಜಿಲ್ಲಾ ಕೇಂದ್ರದ ಕೋರ್ಟಿಗೆ ಬಿತ್ತು. ಕೇಸು ಹಾಕುವ ಮೊದಲೇ ಸಂಧಾನಕ್ಕೆ ಕೂರಬೇಕು, ಹಾಕಿದ ಮೇಲೆ ಎಲ್ಲಕ್ಕೂ ಗಡುವು. ಆರ್ಬಿಟ್ರೇಷನ್, ಅಂದರೆ ಇಬ್ಬರೂ ಒಪ್ಪಿದ ಪಂಚರ ಮುಂದೆ ತೀರ್ಮಾನ ಮಾಡಿಕೊಳ್ಳುವುದು, ಅದಕ್ಕೂ ಗಡುವು ಬಂತು. ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಆಮೇಲೆ ಒಂದು ಸುತ್ತೋಲೆಯೂ ಬಂತು. 'ಓದಿದ್ದೇನೆ' ಎಂಬಲ್ಲಿ ರುಜು ಹಾಕಿದೆ. ನಿಜವಾಗಿ ನಾನು ಓದಿದ್ದು ಮೊದಲ ಪುಟ ಮಾತ್ರ. ಇದೆಲ್ಲ ಬೆಂಗಳೂರು, ಮುಂಬೈಯ ದೊಡ್ಡ ಕಂಪನಿಗಳಿಗೆ. ನಮ್ಮ ಹೊಳೆದಂಡೆಯ ಜನರಿಗೆ ವಾಣಿಜ್ಯವೆಂಬ ಶಬ್ದವೇ ದೊಡ್ಡದು ಎಂದುಕೊಂಡೆ. ನನ್ನ ಮೂವತ್ತು ಚಿಲ್ಲರೆ ವರ್ಷಗಳ ಸೇವೆಯಲ್ಲಿ ಇದಕ್ಕಿಂತ ದೊಡ್ಡ ಮೂರ್ಖತನವನ್ನು ನಾನು ಮಾಡಿಲ್ಲ.

ಪಾಂಡು ಮೇಸ್ತ ಎಂಬವನು ಆಗ ನಾನಿದ್ದ ಹೊನ್ನಾವರದ ಹೊಳೆಯ ಆಚೆ ಕಾಸರಕೋಡಿನಲ್ಲಿ ಫೈಬರ್ ದೋಣಿ ಮಾಡುತ್ತಿದ್ದ. ಐವತ್ತರ ಆಸುಪಾಸಿನವನು. ಅವನ ಹೆಂಡತಿ ನಮ್ಮ ಬೀದಿಗೆ ಮೀನು ತರುತ್ತಿದ್ದುದರಿಂದ ಮನೆಯವರ ಹಾಗೆಯೇ ಪರಿಚಯ. ಮಳೆ ಬಿದ್ದರೆ ಫೈಬರ್ ಒಣಗುವುದಿಲ್ಲ, ಹಾಗಾಗಿ ಅವನಿಗೆ ದೀಪಾವಳಿಯಿಂದ ಮೇ ತಿಂಗಳವರೆಗೆ ಉಸಿರಾಡಲು ಬಿಡುವಿಲ್ಲ. ಒಂದು ನವೆಂಬರಿನಲ್ಲಿ ಜಿಲ್ಲಾ ಕೋರ್ಟಿನಿಂದ ಅವನ ಹೆಸರಿಗೆ ಸಮನ್ಸು ನಮ್ಮಲ್ಲಿಗೆ ಬಂತು. ಬೇಲಿಫ ಜಾರಿ ಮಾಡಿ ಬಂದ. ಮರುದಿನವೇ ಪಾಂಡು ಅಂಗಿಯ ಮೇಲಿನ ಫೈಬರ್ ಪುಡಿಯನ್ನೂ ಕೊಡವಿಕೊಳ್ಳದೆ ನನ್ನ ಮೇಜಿನ ಮುಂದೆ ನಿಂತಿದ್ದ.

"ಎಂತದು ಅಕ್ಕೋರೆ ಇದು? ಜೈಲೋ ಎಂತದೋ?"

ನಗು ಬಂತು. ಭಟ್ಕಳದ ಇಸ್ಮಾಯಿಲ್ ಸಾಹೇಬರು ಎಂಬ ಮೀನು ವ್ಯಾಪಾರಿ ಅವನಿಂದ ಒಂದು ಬೋಟು ಮಾಡಿಸಿದ್ದರು. ಮೊದಲ ವರ್ಷವೇ ಅದರ ತಳ ಬಿರಿದು ನೀರು ಹೊಕ್ಕಿತ್ತು. ನೀನು ತೆಳು ತಳ ಹಾಕಿ ಮೋಸ ಮಾಡಿದ್ದೀ ಎಂದು ಅವರ ದಾವೆ. ಪಾಂಡು ಹೇಳುವುದೇ ಬೇರೆ: ಕಾಗದದಲ್ಲಿ ಬರೆದದ್ದಕ್ಕಿಂತ ಭಾರದ ಎಂಜಿನ್ ತಂದು ಕೂರಿಸಿದರು, ತಳ ಬಿರಿದದ್ದು ಎಂಜಿನ್ ಕೂತ ಜಾಗದಲ್ಲೇ, ಬೇರೆಲ್ಲೂ ಅಲ್ಲ.

"ಇದು ಸಿವಿಲ್ ಕೇಸು. ಹೆದರೂಕೆ ಎಂತ ಇಲ್ಲ," ಎಂದೆ.

"ನಾ ವಕೀಲ್ರ ಹತ್ರ ಯಾವಾಗ ಹೋಗೂದು? ಎರಡು ದೋಣಿ ಅಚ್ಚಿನ ಮೇಲೆ ಅದೆ. ಬಿಟ್ಟು ಹೋದ್ರೆ ಹಾಳಾಗ್ತದೆ."

ಸಮನ್ಸು ನನ್ನ ಕೈಯಲ್ಲೇ ಇತ್ತು. ಉತ್ತರ ಎಷ್ಟು ದಿನದೊಳಗೆ ಕೊಡಬೇಕು ಎಂದು ಅದರಲ್ಲೇ ಬರೆದಿತ್ತು. ನಾನು ಮೊಹರು ನೋಡಿದೆ, ಹೆಸರು ನೋಡಿದೆ, ಮಡಚಿ ಅವನ ಕೈಗೆ ಕೊಟ್ಟೆ.

"ಈಗ ಕೆಲ್ಸ ಮಾಡ್ಕ. ಬಂದ್ ಬಿದ್ದ ಮೇಲೆ, ಜೂನಲ್ಲಿ, ಹೆಗಡೆ ವಕೀಲ್ರ ಹತ್ರ ಹೋಗು. ದೋಣಿಯವ್ರಿಗೆ ಮಳೆಗಾಲದ ವಾಯಿದೆ ಸಿಕ್ಕೇ ಸಿಕ್ತದೆ."

"ಆತು," ಎಂದು ಅವನು ಹಗುರಾಗಿ ಹೋದ. ಒಬ್ಬ ಬಡಪಾಯಿಗೆ ಉಪಕಾರ ಮಾಡಿದೆ ಎಂದು ನನಗೂ ಅಂದು ಹಿತವೆನಿಸಿತ್ತು.

ಮಾರ್ಚ್ ಕೊನೆಯಲ್ಲಿ ಅವನು ಮತ್ತೆ ಬಂದ. ಈ ಸಲ ಮೇಜಿನ ಹತ್ತಿರ ಬರಲಿಲ್ಲ, ಬಾಗಿಲಲ್ಲೇ ನಿಂತ. ಹೊಸ ದೋಣಿ ಕೇಳಲು ಬಂದ ತದಡಿ ಬಂದರಿನ ಒಬ್ಬರು, ನಿನ್ನ ಮೇಲೆ ಕೇಸು ನಡೀತಿದೆಯಂತೆ, ನೀನು ಉತ್ತರವನ್ನೂ ಕೊಟ್ಟಿಲ್ಲವಂತೆ ಎಂದು ವಾಪಸು ಹೋಗಿದ್ದರು. ಗಾಬರಿಯಾಗಿ ಹೆಗಡೆ ವಕೀಲರ ಹತ್ತಿರ ಓಡಿದ್ದಾನೆ. ಅವರು ಕಾಗದ ನೋಡಿ ತಲೆ ಮೇಲೆ ಕೈ ಹೊತ್ತಿದ್ದಾರೆ.

"ಟೈಮ್ ಮುಗ್ದೋತಂತೆ ಅಕ್ಕೋರೆ. ಇನ್ನು ನನ್ನ ಮಾತು ತಕಣೂದಿಲ್ಲಂತೆ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಸುತ್ತೋಲೆಯ ಫೈಲು ತೆಗೆದು ಎರಡನೆಯ ಪುಟ ತಿರುವಿದೆ. ಸಮನ್ಸು ಮುಟ್ಟಿದ ದಿನದಿಂದ ನೂರಿಪ್ಪತ್ತು ದಿನ ಕಳೆದರೆ ಪ್ರತಿವಾದಿಯ ಕೈಫಿಯತ್ತು, ಅಂದರೆ ಲಿಖಿತ ಉತ್ತರ, ಕೋರ್ಟು ತೆಗೆದುಕೊಳ್ಳುವಂತಿಲ್ಲ. ಜಡ್ಜರಿಗೆ ಮನಸ್ಸಿದ್ದರೂ ಅಧಿಕಾರವಿಲ್ಲ. ಕೆಳಗೆ ನನ್ನ ರುಜು ದುಂಡಗೆ ಕೂತಿತ್ತು.

ಸಂಜೆ ಅವನ ಜೊತೆ ವಕೀಲರ ಆಫೀಸಿಗೆ ಹೋದೆ. ಹೆಗಡೆಯವರು ಒಳ್ಳೆಯ ಮನುಷ್ಯ, ಆದರೆ ಬಾಯಿ ಸ್ವಲ್ಪ ಹರಿತ. "ಸಂಧಾನಕ್ಕೆ ಬನ್ನಿ ಅಂತ ಮೊದಲೇ ನೋಟಿಸು ಬಂದಿತ್ತು, ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದಾನೆ. ಅವರ ಕರಾರಿನಲ್ಲಿ ತಕರಾರು ಬಂದರೆ ಪಂಚರು ಎಂಬ ಕಲಮೂ ಇದೆ. ಮೊದಲೇ ಬಂದಿದ್ದರೆ ಅದನ್ನು ಹಿಡಿದು ಕೇಳಬಹುದಿತ್ತು. ಯಾವ ಪುಣ್ಯಾತ್ಮ ಇವನಿಗೆ ಜೂನ್ ತನಕ ಕಾಯಿ ಎಂದು ಹೇಳಿದ್ದು?"

"ನಾನು," ಎಂದೆ.

ಅವರು ಫೈಲು ಮಡಚಿದರು. ಹಾಗೆಂದು ಬರೆದುಕೊಡುತ್ತೇನೆ, ಪ್ರಮಾಣಪತ್ರ ಮಾಡಿಸಿ ಎಂದೆ. "ಪ್ರಯೋಜನ ಇಲ್ಲ ಅಕ್ಕೋರೆ. ನೀವು ಹೇಳಿದ್ದರಿಂದ ಗಡುವು ಬೆಳೆಯುವುದಿಲ್ಲ. ನಿಮಗೆ ಇನ್ನೆರಡು ತಿಂಗಳಿಗೆ ಪೆನ್ಶನ್. ಇಬ್ಬರೂ ಮುಳುಗುವುದು ಯಾಕೆ? ಈಗ ಒಂದೇ ದಾರಿ. ಇಸ್ಮಾಯಿಲ್ ಸಾಹೇಬರೇ ಮನಸ್ಸು ಮಾಡಿ ಪಂಚರ ಹತ್ತಿರ ಹೋಗೋಣ ಎಂದರೆ ಆಗಬಹುದು. ಗೆಲ್ಲುವ ಕೇಸು ಬಿಟ್ಟು ಅವರು ಯಾಕೆ ಹಾಗೆ ಅಂತಾರೆ?"

ಪಾಂಡು ಕೇಳಿದ್ದು ಒಂದೇ: "ಪಂಚರ ಹತ್ರ ಆದ್ರೆ ನಾ ಹೇಳಿದ್ದು ಕಾಗ್ದದಲ್ಲಿ ಬರ್ಕಣ್ತ್ರ?"

"ಬರೆದುಕೊಳ್ತಾರೆ."

"ಅಷ್ಟು ಸಾಕು. ಸೋತ್ರೂ ಅಡ್ಡಿಲ್ಲೆ. ಕಳ್ಳದೋಣಿ ಮಾಡಿದವ ಅಂತ ಅನ್ನಿಸ್ಕಂಡು, ಬಾಯಿ ಮುಚ್ಕಂಡು ಸಾಯೂದು ಬ್ಯಾಡ."

ಮರುದಿನ ಅವನು ಬಸ್ಸು ಹತ್ತಿ ಭಟ್ಕಳಕ್ಕೆ ಹೋದ. ನಾನು ಹೋಗುವಂತಿರಲಿಲ್ಲ, ಕೋರ್ಟಿನವರು ವಾದಿಯ ಅಂಗಡಿ ಮೆಟ್ಟಿಲು ಹತ್ತಬಾರದು. ಆ ದಿನ ಕಚೇರಿಯಲ್ಲಿ ಎರಡು ಸಮನ್ಸು ತಪ್ಪು ವಿಳಾಸಕ್ಕೆ ಕಳಿಸಿದೆ.

ಅಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ. ಇಸ್ಮಾಯಿಲ್ ಸಾಹೇಬರು ಮೊದಲು ಮುಖ ಕೊಟ್ಟು ಮಾತಾಡಲಿಲ್ಲವಂತೆ. ಇವನು ಅಂಗಡಿಯ ಹೊರಗೆ ಮಧ್ಯಾಹ್ನದ ನಮಾಜು ಮುಗಿಯುವ ತನಕ ಕೂತಿದ್ದನಂತೆ. ಆಮೇಲೆ ಒಳಗೆ ಕರೆದು, "ಎಂತ ಬೇಕು ನಿಂಗೆ? ಕೇಸು ವಾಪಸ್ ತಗೊಳ್ಳೋದಿಲ್ಲ ನಾನು," ಎಂದರಂತೆ. ಇವನು, "ವಾಪಸ್ ಬ್ಯಾಡ ಸಾಹೇಬ್ರೆ. ಬೋಟಿನ ಹತ್ರ ಒಬ್ರು ತಿಳಿದವ್ರನ್ನ ನಿಲ್ಸಿ ಇಬ್ರದ್ದೂ ಕೇಳ್ಲಿ. ತಪ್ಪು ನಂದು ಅಂದ್ರೆ ಅಲ್ಲೇ ಒಪ್ಕಣ್ತೆ," ಎಂದನಂತೆ. ಅವರು ಬಹಳ ಹೊತ್ತು ಗಲ್ಲಾದ ಮೇಲೆ ಬೆರಳು ಕುಟ್ಟಿ, "ಬೋಟು ಎರಡು ವರ್ಷದಿಂದ ಮರಳ ಮೇಲೆ ಮಲಗಿದೆ. ನಂಗೆ ಕೋರ್ಟಿನ ಕಾಗದ ಬೇಡ, ಬೋಟು ಬೇಕು. ಆಯ್ತು, ನಡಿ," ಎಂದರಂತೆ. ಆ ಸಾಹೇಬರನ್ನು ನಾನು ಅಲ್ಲಿಯವರೆಗೆ ನೋಡಿದವಳಲ್ಲ. ಕೂತಲ್ಲಿಂದಲೇ ಮನಸ್ಸಿನಲ್ಲಿ ಕೈ ಮುಗಿದೆ.

ಎರಡೂ ಕಡೆಯ ವಕೀಲರು ಒಟ್ಟಿಗೆ ಅರ್ಜಿ ಹಾಕಿದರು, ಕೋರ್ಟು ಒಪ್ಪಿ ಪಂಚರಿಗೆ ಕಳಿಸಿತು. ಬಂದರು ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಎಂಜಿನಿಯರರನ್ನು ಪಂಚರೆಂದು ಇಬ್ಬರೂ ಒಪ್ಪಿದರು. ಮೇ ಕೊನೆಗೆ ನಾನು ನಿವೃತ್ತಳಾದೆ. ವಿಚಾರಣೆ ಶುರುವಾದದ್ದು ಜೂನಿನಲ್ಲಿ, ಪಾಂಡುವಿನ ಶೆಡ್ಡಿನಲ್ಲಿ, ಭಟ್ಕಳದಿಂದ ಲಾರಿಯಲ್ಲಿ ತರಿಸಿದ ಆ ಬೋಟನ್ನು ಪಕ್ಕದಲ್ಲೇ ಇಟ್ಟುಕೊಂಡು. ಅಂತೂ ಅವನಿಗೆ ನಾನು ಹೇಳಿದ ಮಳೆಗಾಲದ ವಾಯಿದೆಯೇ ಸಿಕ್ಕಿತು.

ವಿಚಾರಣೆಗೆ ಮುಂಚಿನ ದಿನ ಹೆಗಡೆಯವರು ನಮ್ಮನ್ನಿಬ್ಬರನ್ನೂ ಕೂರಿಸಿ ಹೇಳಿದರು: "ಎದುರು ವಕೀಲರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ. ನಿನ್ನ ಮಾತು ನಿಜವಾಗಿದ್ದರೆ ಕೋರ್ಟಿನಲ್ಲಿ ನಾಲ್ಕು ತಿಂಗಳು ಯಾಕೆ ಬಾಯಿ ಬಿಡಲಿಲ್ಲ, ಈ ಎಂಜಿನ್ ಕತೆಯನ್ನು ಈಗ ಕಟ್ಟಿದ್ದು ಅಂತಾರೆ. ಅದಕ್ಕೆ ಸರಿಯಾದ ಉತ್ತರ ಇಲ್ಲದಿದ್ದರೆ ಪಂಚರಿಗೂ ಅನುಮಾನ ಬರ್ತದೆ."

"ನನ್ನ ಹೆಸರು ಹೇಳು," ಎಂದೆ ಪಾಂಡುವಿಗೆ. "ನಾಜರ್ ಅಕ್ಕೋರು ಕಾಯಿ ಅಂದ್ರು, ಕಾದೆ ಅನ್ನು. ಸತ್ಯವೇ ಅದು. ನಂಗೆ ಎಂತ ಆದ್ರೂ ಆಗ್ಲಿ."

"ಆತು ಅಕ್ಕೋರೆ," ಎಂದ.

ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು ಒಳಗೆ ಹೆದರಿಕೆ ಇತ್ತು. ಪೆನ್ಶನ್ ಕಾಗದಗಳು ಇನ್ನೂ ಪೂರ್ತಿ ಆಗಿರಲಿಲ್ಲ. ಅಂಚೆಯವನು ಗೇಟು ತೆಗೆದರೆ ಸಾಕು, ಜಿಲ್ಲಾ ಕೋರ್ಟಿನಿಂದ ಕಾರಣ ಕೇಳುವ ನೋಟಿಸು ಬಂತೇನೋ ಎಂದು ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದೆ. ಎಷ್ಟು ಜನರ ಬಾಗಿಲಿಗೆ ನಾನು ಕಾಗದ ಕಳಿಸಿದ್ದೆನೋ, ಅವರೆಲ್ಲರಿಗೂ ಹೀಗೇ ಆಗಿರಬೇಕು ಎಂದು ಆಗ ಮೊದಲ ಬಾರಿಗೆ ಹೊಳೆಯಿತು. ಜೂನ್ ಹೋಯಿತು, ಜುಲೈ ಹೋಯಿತು. ಯಾವ ನೋಟಿಸೂ ಬರಲಿಲ್ಲ.

ಆಗಸ್ಟಿನಲ್ಲಿ ಪಂಚರ ತೀರ್ಪು ಬಂತು. ಪಾಂಡು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೆಂಡತಿಯ ಜೊತೆ ನಮ್ಮ ಮನೆಗೆ ಬಂದ. ವಕೀಲರು ಫಲಿತಾಂಶ ಹೇಳಿದ್ದರು, ಆದರೆ ಅವನಿಗೆ ಪೂರ್ತಿ ಕೇಳಬೇಕಿತ್ತು. "ನಂಗೆ ಅಕ್ಷರ ಬತ್ತದೆ, ಕೋರ್ಟಿನ ಭಾಷೆ ನಾಲಿಗೆಗೆ ತಿರುಗೂದಿಲ್ಲ. ನೀವು ದೊಡ್ಡಕೆ ಓದಿ," ಎಂದು ಜಗುಲಿಯಲ್ಲಿ ಕಾಲು ಮಡಚಿ ಕೂತ.

ಓದಿದೆ. ಅವನ ಹೆಸರು, ತಂದೆಯ ಹೆಸರು, ಊರು. ಆಮೇಲೆ ಅವನ ಮಾತು: ತಳಕ್ಕೆ ಎಷ್ಟು ಪದರ ಹಾಕಿದ್ದು, ಎಂಜಿನ್ ಬಂದ ದಿನ ಏನು ನೋಡಿದ್ದು, ಎಲ್ಲ ಅವನು ಹೇಳಿದ ಹಾಗೇ ಬರೆದಿತ್ತು. ಅವನು ಕಣ್ಣು ಮುಚ್ಚಿಕೊಂಡು, "ಹೌದು, ಹೌದು" ಎನ್ನುತ್ತಿದ್ದ. ನಾನು ಮಾತ್ರ ಪ್ರತಿ ಸಾಲಿನಲ್ಲೂ ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತ ಮುಂದೆ ಹೋದೆ. ಕೊನೆಗೆ ಆ ಪ್ರಶ್ನೆ ಬಂತು. ನ್ಯಾಯಾಲಯದಲ್ಲಿ ಗಡುವಿನೊಳಗೆ ಉತ್ತರ ಸಲ್ಲಿಸದಿರಲು ಕಾರಣವೇನು? ಅದರ ಕೆಳಗೆ ಅವನ ಉತ್ತರ: "ಯಾರೂ ಕಾರಣರಲ್ಲ. ಕೆಲಸದ ಗಡಿಬಿಡಿಯಲ್ಲಿ ನಾನೇ ಅಲಕ್ಷ್ಯ ಮಾಡಿದೆ."

ಅಲ್ಲಿಗೆ ನಿಲ್ಲಿಸಿದೆ. ತಲೆ ಎತ್ತಿದರೆ ಅವನು ಅಂಗಳ ನೋಡುತ್ತಿದ್ದ. ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು.

"ಮುಂದೆ ಓದಿ ಅಕ್ಕೋರೆ," ಎಂದ ಪಾಂಡು. "ದೋಣಿ ವಿಷ್ಯ ಮುಂದೆ ಅದೆ."

ಓದಿದೆ. ತಳ ಗಟ್ಟಿಯಾಗಿಯೇ ಇದೆ, ಬಿರಿದದ್ದು ಎಂಜಿನ್ನಿನ ಭಾರಕ್ಕೆ ಎಂದು ಪಂಚರು ಕೊರೆದು ನೋಡಿ ಬರೆದಿದ್ದರು. ಭಾರದ ಎಂಜಿನ್ ಕಣ್ಣೆದುರು ಕೂರಿಸುವಾಗ ಸುಮ್ಮನಿದ್ದದ್ದು ಪಾಂಡುವಿನ ತಪ್ಪು ಎಂದೂ ಬರೆದಿದ್ದರು. ಸಾಮಾನು ಸಾಹೇಬರದು, ಕೆಲಸ ಪಾಂಡುವಿನದು, ಎಂಜಿನ್ ಕೂರುವ ಜಾಗವನ್ನು ಹೊಸದಾಗಿ ಕಟ್ಟಿಕೊಡಬೇಕು. ಮಳೆ ಬಿಟ್ಟ ಮೇಲೆ ಅವನು ಕಟ್ಟಿಕೊಟ್ಟ. ಬೋಟು ಈಗ ಭಟ್ಕಳದಿಂದ ಕಡಲಿಗೆ ಹೋಗಿ ಬರುತ್ತಿದೆ. ತದಡಿಯವರೂ ತಿರುಗಿ ಬಂದು ದೋಣಿ ಮಾಡಿಕೊಡಲು ಹೇಳಿದರು.

ಗಡುವು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆ ಐಸ್ ಫ್ಯಾಕ್ಟರಿಯ ಬೀಗದ ಕೈ ಇನ್ನೂ ನನ್ನ ಹತ್ತಿರ ಇದೆ. ಒಂದೇ ಮಳೆಗಾಲದಲ್ಲಿ ಜಗಳ ತೀರಿ ಒಂದು ಬೋಟು ಮರಳಿನಿಂದ ಎದ್ದು ನೀರಿಗಿಳಿದದ್ದನ್ನೂ ನೋಡಿದ್ದೇನೆ. ನಾಜರ್ ಕೆಲಸಕ್ಕೆ ಹೊಸದಾಗಿ ಬರುವ ತಂಗಿಯರಿಗೆ, ತಮ್ಮಂದಿರಿಗೆ ನಾನು ಹೇಳುವುದಿಷ್ಟು: ಕಾನೂನು ಅವಸರದಲ್ಲಿರುವಾಗ ಕಾಗದ ಮುಟ್ಟಿಸಿದರೆ ಸಾಲದು, ಅದರಲ್ಲಿ ಏನಿದೆ ಎಂದು ಮೊದಲು ನೀವು ಓದಿ, ಆಮೇಲೆ ಓದಿ ಹೇಳಿ.

ಇನ್ನೊಂದು ಮಾತು. ತನ್ನ ನಿಜವಾದ ಮಾತು ಕಾಗದದಲ್ಲಿ ಬರಬೇಕೆಂದು ಭಟ್ಕಳದ ಅಂಗಡಿ ಬಾಗಿಲಲ್ಲಿ ಕಾದು ಕೂತ ಮನುಷ್ಯ, ಆ ಕಾಗದದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾನೆ. ಅದು ನನಗಾಗಿ. ಅಂದು ಅವನ ಎದುರು ನನಗೆ ಅಳುವುದಕ್ಕೂ ಆಗಲಿಲ್ಲ, ಚಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಆದರೆ ಆ ಸಾಲನ್ನು ಹಾಗೇ ಬಿಡುವುದು ಸರಿಯಲ್ಲ. ಅವನು ಅಲಕ್ಷ್ಯ ಮಾಡಿರಲಿಲ್ಲ. ಸಮನ್ಸು ಮುಟ್ಟಿದ ಮರುದಿನವೇ ಅಂಗಿಯ ಪುಡಿಯನ್ನೂ ಕೊಡವದೆ ಕೋರ್ಟಿಗೆ ಬಂದಿದ್ದ. ಕಾಯಿ ಎಂದು ಹೇಳಿದವಳು ನಾನು.